ಒದ್ದೆ ಕುರಿಗೆ ಮತ

ಓವನ್ನಿನ ಬಾಗಿಲು ಮೆಲ್ಲಗೆ, ಮೆರಿಯಾನ, ಅದರ ಕೀಲು ಸಡಿಲ,
ಮೊಣಕಾಲು ಒತ್ತಿ ಹಿಡಿದರಷ್ಟೇ ಮುಚ್ಚಿಕೊಳ್ಳುತ್ತದೆ.
ಈಗ ಒಂಬತ್ತು. ಒಂಬತ್ತೂವರೆಗೆ ಯಂತ್ರಗಳು ಬಾಯಿ ಮುಚ್ಚುತ್ತವೆ,
ಹನ್ನೊಂದು ಜನ ಉಣ್ಣೆಯ ಜಿಡ್ಡು ಪ್ಯಾಂಟಿಗೆ ಒರೆಸಿಕೊಳ್ಳುತ್ತ
ಇದೇ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾರೆ.
ಹಸಿದವರಿಗೆ ಗಡಿಯಾರ ಹೊಟ್ಟೆಯಲ್ಲೇ ಇರುತ್ತದೆ.

ಅರ್ಧ ಗಂಟೆ ಧಾರಾಳ.
ಚೀಸ್ ತುರಿ. ಜಿಪುಣತನ ಬೇಡ, ದುಡ್ಡು ಯಜಮಾನನದು.
ಹಿಟ್ಟಿಗೆ ಬೇಕಿಂಗ್ ಪೌಡರ್, ಉಪ್ಪು, ಚಿಟಿಕೆ ಖಾರದ ಪುಡಿ, ತಣ್ಣನೆ ಹಾಲು;
ಚಾಕುವಿನಿಂದ ಕಲಸು, ಕೈ ತೀರಾ ಕೊನೆಗೆ.
ನಾದಬೇಡ ಮಾರಾಯ್ತಿ! ಸ್ಕೋನ್ ಅದು, ಅದರ ಮೇಲೇನು ಸೇಡು?
ಒರಟೊರಟಾಗಿಯೇ ಇರಲಿ, ಕತ್ತರಿಸು, ಒತ್ತೊತ್ತಾಗಿ ಇಡು:
ಚಳಿಗೆ ಕುರಿ ನಿಲ್ಲುವ ಹಾಗೆ ಒಂದಕ್ಕೊಂದು ಆತುಕೊಂಡರೆ
ಅಡ್ಡ ಬೀಳದೆ ನೆಟ್ಟಗೆ ಉಬ್ಬುತ್ತವೆ.
ಹನ್ನೆರಡು ನಿಮಿಷ.

ಆ ಹನ್ನೆರಡರಲ್ಲಿ ಮಧ್ಯಾಹ್ನದ ಪುಡಿಂಗು.
ಇದನ್ನು ನಂಬುವುದು ಕಷ್ಟ, ಮೊದಲೇ ಹೇಳಿರುತ್ತೇನೆ.
ಕೋಕೋ ಕಲಸಿದ ಹಿಟ್ಟು ತಳಕ್ಕೆ, ಅದರ ಮೇಲೆ ಸಕ್ಕರೆ,
ಸಕ್ಕರೆಯ ಮೇಲೆ ಕುದಿಯುವ ನೀರು, ಎರಡು ದೊಡ್ಡ ಲೋಟ,
ಚಮಚದ ಬೆನ್ನ ಮೇಲಿಂದ ಹರಿಸಬೇಕು.
ಹಾಳಾಯಿತು ಅನ್ನಿಸುತ್ತದೆ. ಥೇಟ್ ಕೆಸರುಹೊಂಡ.
ಮೊದಲ ಸಲ ನಾನು ಅತ್ತಿದ್ದೆ,
ಹಿತ್ತಲ ನಾಯಿಗೆ ಸುರಿಯಲು ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟಿದ್ದೆ.
ಆಗಿನ ಅಡುಗೆಯವಳು ಐಲೀನ್, ಬಾಯಲ್ಲಿ ಸಿಗರೇಟು,
'ಒಳಗಿಡು, ಬಾಗಿಲು ಹಾಕು, ನಿನ್ನ ಅಳುಮುಖ ಅದಕ್ಕೆ ತೋರಿಸಬೇಡ' ಅಂದಳು.
ಅಷ್ಟೇ ಅವಳು ಕಲಿಸಿದ್ದು.
ನಲವತ್ತು ನಿಮಿಷಕ್ಕೆ ನೀರೆಲ್ಲ ಕೆಳಗಿಳಿದು ಗಟ್ಟಿ ಸಾಸು,
ಹಿಟ್ಟೆಲ್ಲ ಮೇಲೆದ್ದು ಕೇಕು.
ಆ ಕತ್ತಲಲ್ಲಿ ಯಾರು ಯಾರಿಗೆ ದಾರಿ ಬಿಟ್ಟರೋ.

ಡಬ್ಬಿಯಲ್ಲಿ ನಿನ್ನೆಯ ಓಟ್ಸ್ ಬಿಸ್ಕತ್ತಿದೆ, ತಲೆಗೆ ಮೂರು, ಎಣಿಸಿಡು.
ಡಗಾಲ್‌ಗೆ ನಾಲ್ಕು ಇಟ್ಟರೂ ಎರಡೇ ಕೊಟ್ಟೆ ಅನ್ನುತ್ತಾನೆ.

ಅದೇನು, ಸದ್ದೇ ಇಲ್ಲ?
ಕಿಟಕಿಯ ಹಬೆ ಒರೆಸು.
ಓ. ಓಟು ಹಾಕುತ್ತಿದ್ದಾರೆ.
ಬೆಳಗಿನ ಜಾವ ಮಳೆ ಬಂತಲ್ಲ. ಒಬ್ಬೊಬ್ಬರೂ ಎರಡು ಕುರಿಯ ಉಣ್ಣೆ ತೆಗೆದು ನೋಡಿ
ಚೀಟಿಯಲ್ಲಿ ಬರೆಯುತ್ತಾರೆ: ಒದ್ದೆ, ಇಲ್ಲವೇ ಒಣ.
ಒದ್ದೆ ಉಣ್ಣೆಯ ಥಂಡಿ ಮೂಳೆಗಿಳಿಯುತ್ತದೆ, ಕೇಳು ರಾವಿರಿಯ ಬೆನ್ನನ್ನು.
ಗುಟ್ಟಿನ ಮತದಾನ. ಟೋಪಿಯಲ್ಲಿ ಎಂಟು ಚೀಟಿ.
ಅಡುಗೆಯವಳಿಗೆ ಮತವಿಲ್ಲ.
ಕುರಿಗೂ ಇಲ್ಲ.

ಒದ್ದೆ ಅಂದರೋ, ಎಲ್ಲರೂ ಮನೆಗೆ;
ವ್ಯಾನು ಗೋರ್ ಪೇಟೆ ಮುಟ್ಟುವಷ್ಟರಲ್ಲಿ ನಮ್ಮ ನಲವತ್ತು ಸ್ಕೋನೂ ಕಲ್ಲು.
ಒಣ ಅನ್ನಲಿ.
ರಾವಿರಿಯ ಬೆನ್ನು ನೆನೆದರೆ, ಬೇಡ, ಒದ್ದೆ ಅನ್ನಲಿ.
ನೋಡಿದೆಯಾ, ನನಗೆ ಮತ ಕೊಡದೆ ಇದ್ದದ್ದೇ ಒಳ್ಳೆಯದಾಯಿತು.

ತೆಗಿ, ತೆಗಿ, ಕಪ್ಪಗಾಗುವ ಮುಂಚೆ!
ತಳ ತಟ್ಟು. ಟೊಳ್ಳು ಸದ್ದು ಬಂತಾ? ಬಂತು.
ತಟ್ಟೆಗೆ ಕಚ್ಚಿಕೊಂಡ ಈ ಗರಿಗರಿ ಚೀಸಿನ ಅಂಚು ನಮ್ಮಿಬ್ಬರದು,
ಹೊರಗೆ ಬಾಯಿ ಬಿಡಬೇಡ.
ಉರಿ ತಗ್ಗಿಸು. ಈಗ ಆ ಕೆಸರುಹೊಂಡವನ್ನು ಒಳಗಿಡು.
ಮುಖ ತಿರುಗಿಸಿಕೋ.

ಬಂದರು. ಮುಂದೆ ಡಗಾಲ್, ಟೋಪಿ ಕೈಯಲ್ಲೇ.
'ನಾಲ್ಕಕ್ಕೆ ನಾಲ್ಕು, ನೋಲೀನ್. ಇನ್ನೊಂದು ಸಲ ಹಾಕಬೇಕು.'
ಮೂಗರಳಿಸಿದ. 'ಅದಕ್ಕೆ ಮುಂಚೆ...'
ಬೆಣ್ಣೆ ಕರಗುವಷ್ಟು ಹೊತ್ತು ಯಾರದೂ ಮಾತಿಲ್ಲ.
ಹೊರಗೆ ಸಣ್ಣ ಬಿಸಿಲು,
ದೊಡ್ಡಿಯಲ್ಲಿ ಕುರಿಗಳ ಬೆನ್ನಿಂದಲೂ ಹಬೆ ಏಳುತ್ತಿದೆ.

ರಾವಿರಿ ಗಾಳಿಯಲ್ಲಿ ವಾಸನೆ ಹಿಡಿದು ಕೇಳುತ್ತಿದ್ದಾನೆ,
'ಒಳಗೆ ಇನ್ನೇನೋ ಬೇಯುತ್ತಿದೆಯಲ್ಲ?'
ಹೇಳಬೇಡ ಮೆರಿಯಾನ.
ಓಟಿಗೆ ಲಂಚ ಕೊಟ್ಟರು ಅಂದಾರು.
ಮೊದಲು ಚೀಟಿ ಬರೆಯಲಿ.
ಅಲ್ಲಿವರೆಗೆ ನೀನು ಹೀಗೆ ಬಾ,
ಈ ಬಾಗಿಲಿಗೆ ಮೊಣಕಾಲು ಒತ್ತಿ ನಿಂತಿರು.